ಓಪಿಯಾಯ್ಡ್ ವ್ಯಸನದ ಚಿಕಿತ್ಸೆಯಲ್ಲಿ ವೈದ್ಯಕೀಯ ಮೇಲ್ವಿಚಾರಣೆಯ ಅಗತ್ಯ

ಅಫೀಮು, ಬ್ರೌನ್ ಶುಗರ್ ಎಂದು ಕರೆಯಲ್ಪಡುವ ಹೆರಾಯಿನ್ ಹಾಗೂ ನೋವು ನಿವಾರಣೆಗೆಂದು ತಯಾರಾಗುವ ಮಾರ್ಫಿನ್, ಟ್ರಮಡಾಲ್, ಟಪೆಂಟಡಾಲ್ ಮುಂತಾದ ಔಷಧಗಳು ಓಪಿಯಾಯ್ಡ್ ವರ್ಗಕ್ಕೆ ಸೇರಿರುತ್ತವೆ. ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯವು 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ವರದಿಯಂತೆ ದೇಶದಲ್ಲಿ ಸುಮಾರು 2.26 ಕೋಟಿ ಜನರು ಇವುಗಳನ್ನು ಬಳಸುತ್ತಿದ್ದು, ಅವರ ಪೈಕಿ ಸುಮಾರು 77 ಲಕ್ಷ ಮಂದಿಗೆ ನೆರವಿನ ಅಗತ್ಯವಿತ್ತು.

ಓಪಿಯಾಯ್ಡ್ ವ್ಯಸನವು ಮರುಕಳಿಸುವ ಸ್ವಭಾವದ ಕಾಯಿಲೆಯಾಗಿರುತ್ತದೆ. ಆದಾಗ್ಯೂ ಇದನ್ನು ಕೇವಲ ದುಶ್ಚಟವೆಂದು ಭಾವಿಸಿ, ವ್ಯಸನಿಯನ್ನು ಕೆಲವು ದಿನ ಕೋಣೆಯಲ್ಲಿ ಕೂಡಿಹಾಕಿದರೆ ಚಟ ಬಿಟ್ಟುಹೋಗುವುದೆಂದು ಅನೇಕ ಕುಟುಂಬಗಳು ನಂಬಿರುತ್ತವೆ. ಈ ನಂಬಿಕೆಯಿಂದ ಪ್ರಾಣಾಪಾಯ ಸಂಭವಿಸಬಹುದಾಗಿದೆ.

ಹಠಾತ್ತನೆ ನಿಲ್ಲಿಸುವುದರ ಅಪಾಯ

ಹೆರಾಯಿನ್ ಬಳಕೆ ನಿಲ್ಲಿಸಿದ ಒಂದು ದಿನದೊಳಗೆ ಆಕಳಿಕೆ, ಕಣ್ಣು ಮೂಗುಗಳಲ್ಲಿ ನೀರು ಸುರಿಯುವುದು, ಮೈಕೈ ನೋವು, ಹೊಟ್ಟೆ ನುಲಿತ, ವಾಂತಿ, ಭೇದಿ ಹಾಗೂ ನಿದ್ರಾಹೀನತೆ ಕಾಣಿಸಿಕೊಳ್ಳುತ್ತವೆ. ಇವುಗಳನ್ನು ಹಿಂತೆಗೆತದ ಲಕ್ಷಣಗಳೆಂದು ಕರೆಯಲಾಗುತ್ತದೆ. ಎರಡು ಮೂರು ದಿನಗಳಲ್ಲಿ ಇವು ತೀವ್ರವಾಗಿ, ವಾರ ಹತ್ತು ದಿನಗಳಲ್ಲಿ ಇಳಿಮುಖವಾಗುತ್ತವೆ. ಆರೋಗ್ಯವಂತ ವಯಸ್ಕರಲ್ಲಿ ಇವುಗಳಿಂದಲೇ ಸಾವು ಸಂಭವಿಸುವುದು ವಿರಳ. ಆದರೆ ವಾಂತಿ ಭೇದಿಗಳನ್ನು ಅಲಕ್ಷಿಸಿದಲ್ಲಿ ದೇಹದ ನೀರು ಮತ್ತು ಲವಣಾಂಶ ಕುಸಿದು ಜೀವಕ್ಕೆ ಕುತ್ತು ಬರಬಹುದು. ಗರ್ಭಿಣಿಯರು ಹಠಾತ್ತನೆ ನಿಲ್ಲಿಸಿದಲ್ಲಿ ಗರ್ಭಪಾತ ಅಥವಾ ಅವಧಿಪೂರ್ವ ಹೆರಿಗೆಯ ಸಂಭವವಿರುವುದರಿಂದ ಅವರು ಯಾವ ಕಾರಣಕ್ಕೂ ವೈದ್ಯರ ಸಲಹೆಯಿಲ್ಲದೆ ಹಾಗೆ ಮಾಡತಕ್ಕದ್ದಲ್ಲ.

ಇದಕ್ಕಿಂತಲೂ ಹೆಚ್ಚಿನ ಅಪಾಯವು ಈ ಲಕ್ಷಣಗಳು ಶಮನಗೊಂಡ ನಂತರ ಎದುರಾಗುತ್ತದೆ. ದಿನನಿತ್ಯ ಬಳಸುವವರ ದೇಹವು ಕ್ರಮೇಣ ಹೆಚ್ಚಿನ ಪ್ರಮಾಣವನ್ನು ತಾಳಿಕೊಳ್ಳುವ ಶಕ್ತಿ ಪಡೆದಿರುತ್ತದೆ. ಬಳಕೆ ನಿಂತ ಕೆಲವೇ ದಿನಗಳಲ್ಲಿ ಈ ತಾಳಿಕೆ ಕುಗ್ಗಲಾರಂಭಿಸುತ್ತದೆ. ಹಂಬಲ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ಶಿಬಿರದಿಂದಲೋ ಕಾರಾಗೃಹದಿಂದಲೋ ಹೊರಬಂದ ವ್ಯಕ್ತಿಯು ಮೊದಲಿನ ಪ್ರಮಾಣವನ್ನೇ ಮತ್ತೊಮ್ಮೆ ತೆಗೆದುಕೊಂಡಲ್ಲಿ ಉಸಿರಾಟ ನಿಧಾನಗೊಂಡು ಸಂಪೂರ್ಣ ನಿಂತುಹೋಗಬಹುದು. ಬಿಡುಗಡೆಯ ನಂತರದ ಮೊದಲ ಕೆಲವು ವಾರಗಳಲ್ಲಿ ಸಾವಿನ ಸಂಭವ ಅತ್ಯಧಿಕವೆಂಬುದು ಹಲವು ದೇಶಗಳ ಅನುಭವದಿಂದ ದೃಢಪಟ್ಟಿದೆ. ಮನೆಯವರು ‘ಈಗ ಗುಣವಾಯಿತು’ ಎಂದು ನಿಶ್ಚಿಂತರಾಗುವುದೂ ಇದೇ ಅವಧಿಯಲ್ಲಿ. ಆದುದರಿಂದ ದೇಹದಿಂದ ಮಾದಕ ವಸ್ತುವನ್ನು ಹೊರಹಾಕಿಸಿ, ಮುಂದಿನ ಚಿಕಿತ್ಸೆಯ ಏರ್ಪಾಡಿಲ್ಲದೆ ಮನೆಗೆ ಕಳುಹಿಸುವ ಕ್ರಮವನ್ನು ಪೂರ್ಣ ಚಿಕಿತ್ಸೆಯೆಂದು ಪರಿಗಣಿಸಲಾಗದು.

ಔಷಧಗಳು

ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ಬ್ಯುಪ್ರೆನಾರ್ಫಿನ್ ಮತ್ತು ಮೆಥಡೋನ್‌ಗಳನ್ನು ತನ್ನ ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಇವು ಹಂಬಲವನ್ನು ತಗ್ಗಿಸಿ, ವ್ಯಕ್ತಿಯು ದುಡಿಮೆಗೆ ಹಾಗೂ ಸಂಸಾರಕ್ಕೆ ಮರಳಲು ನೆರವಾಗುತ್ತವೆ. ಒಂದು ಚಟದ ಬದಲಿಗೆ ಮತ್ತೊಂದು ಚಟ ಅಂಟಿಸಲಾಗುತ್ತಿದೆಯೆಂಬ ಆಕ್ಷೇಪವು ಸಾಮಾನ್ಯವಾಗಿ ಕೇಳಿಬರುತ್ತದೆ. ನಿಗದಿತ ಪ್ರಮಾಣದಲ್ಲಿ, ವೈದ್ಯರ ನಿಗಾದಲ್ಲಿ ಔಷಧ ಪಡೆಯುವವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆಯಿರುವುದರಿಂದ ಈ ಆಕ್ಷೇಪಕ್ಕೆ ಆಧಾರವಿಲ್ಲ.

ಆದರೆ ಇದೇ ಔಷಧಗಳನ್ನು ಸ್ವತಃ ಸಂಪಾದಿಸಿ ಸೇವಿಸುವುದು ಅಪಾಯಕರ. ಹೆರಾಯಿನ್ ಇನ್ನೂ ದೇಹದಲ್ಲಿರುವಾಗಲೇ ಬ್ಯುಪ್ರೆನಾರ್ಫಿನ್ ತೆಗೆದುಕೊಂಡಲ್ಲಿ ಹಿಂತೆಗೆತದ ಲಕ್ಷಣಗಳು ಒಮ್ಮೆಲೇ ಉಲ್ಬಣಿಸುತ್ತವೆ. ಹೀಗಾಗಿ ವೈದ್ಯರು ರೋಗಿಯ ಕಣ್ಣಿನ ಪಾಪೆ, ನಾಡಿಬಡಿತ, ಬೆವರು ಮುಂತಾದವನ್ನು ಪರೀಕ್ಷಿಸಿ, ಸಕಾಲವೆಂದು ಖಚಿತವಾದ ಮೇಲೆಯೇ ಮೊದಲ ಮಾತ್ರೆ ನೀಡುತ್ತಾರೆ. ಈ ಮಾತ್ರೆಯನ್ನು ನುಂಗದೆ ನಾಲಿಗೆಯ ಕೆಳಗಿಟ್ಟು ಕರಗಿಸಬೇಕು. ಮೆಥಡೋನ್ ದೇಹದಲ್ಲಿ ನಿಧಾನವಾಗಿ ಶೇಖರವಾಗುವುದರಿಂದ ಅದರ ಪ್ರಮಾಣವನ್ನು ಆತುರದಿಂದ ಹೆಚ್ಚಿಸುವಂತಿಲ್ಲ. ಹೃದಯದ ಬಡಿತದ ಲಯ ತಪ್ಪಿಸುವ ಸಂಭವವಿರುವುದರಿಂದ ಕೆಲವರಿಗೆ ಇಸಿಜಿ ಪರೀಕ್ಷೆಯೂ ಅಗತ್ಯ. ನಾಲ್ಟ್ರೆಕ್ಸೋನ್ ಎಂಬ ಔಷಧವನ್ನು ಸಾಮಾನ್ಯವಾಗಿ 7ರಿಂದ 10 ದಿನ ಓಪಿಯಾಯ್ಡ್ ಮುಟ್ಟದವರಿಗೆ ಮಾತ್ರ ನೀಡಲಾಗುತ್ತದೆ. ಮದ್ಯ ಅಥವಾ ನಿದ್ರೆ ಮಾತ್ರೆಗಳೊಂದಿಗೆ ಓಪಿಯಾಯ್ಡ್ ಬೆರೆತಲ್ಲಿ ಉಸಿರಾಟಕ್ಕೆ ತೊಂದರೆಯಾಗುವುದರಿಂದ ಅವುಗಳ ಬಳಕೆಯನ್ನು ವೈದ್ಯರಿಂದ ಮರೆಮಾಚಬಾರದು.

ಚಿಕಿತ್ಸಾ ಕೇಂದ್ರದ ಆಯ್ಕೆ ಹಾಗೂ ರೋಗಿಯ ಹಕ್ಕುಗಳು

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಪ್ರಕಾರ ಮದ್ಯ ಹಾಗೂ ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳು ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿವೆ. ಇಂತಹವರನ್ನು ಆರೈಕೆಗಾಗಿ ದಾಖಲಿಸಿಕೊಳ್ಳುವ ಮಾನಸಿಕ ಆರೋಗ್ಯ ಸಂಸ್ಥೆಗಳು ಈ ಕಾಯ್ದೆಯಡಿ ನೋಂದಣಿಯಾಗಿರಬೇಕು ಹಾಗೂ ನೋಂದಣಿ ಪತ್ರವನ್ನು ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಬೇಕು. ಸೇರಿಸುವ ಮುನ್ನ ಕುಟುಂಬದವರು ಸದರಿ ಪತ್ರವನ್ನು ನೋಡುವುದು, ಮನೋವೈದ್ಯರು ಎಷ್ಟು ಬಾರಿ ಬರುತ್ತಾರೆ, ರಾತ್ರಿ ವೇಳೆ ತುರ್ತು ಸಂದರ್ಭ ಒದಗಿದಲ್ಲಿ ಯಾರಿರುತ್ತಾರೆ ಎಂಬುದನ್ನು ವಿಚಾರಿಸುವುದು ಒಳಿತು. ಉತ್ತರ ಸ್ಪಷ್ಟವಿರದ ಕಡೆ ಸೇರಿಸದಿರುವುದೇ ಲೇಸು. ಯಾವುದೇ ರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನು ಹಾಗೂ ಒಂಟಿಯಾಗಿ ಕೂಡಿಹಾಕುವುದನ್ನು ಕಾಯ್ದೆಯು ನಿಷೇಧಿಸಿದೆ. ರೋಗಿಯ ಮಾಹಿತಿ ಗೋಪ್ಯವಾಗಿರತಕ್ಕದ್ದು.

ಪೊಲೀಸ್ ಪ್ರಕರಣದ ಭಯದಿಂದ ಹಲವರು ಆಸ್ಪತ್ರೆಗೆ ಬರಲು ಹಿಂಜರಿಯುತ್ತಾರೆ. ಎನ್‌ಡಿಪಿಎಸ್ ಕಾಯ್ದೆ, 1985ರ 64ಎ ಕಲಮಿನಂತೆ, ಮಾದಕ ವಸ್ತು ಸೇವನೆ ಅಥವಾ ಅಲ್ಪ ಪ್ರಮಾಣಕ್ಕೆ ಸಂಬಂಧಿಸಿದ ಆರೋಪ ಎದುರಿಸುತ್ತಿರುವ ವ್ಯಸನಿಯು ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸ್ವಯಂಪ್ರೇರಿತನಾಗಿ ಚಿಕಿತ್ಸೆ ಪಡೆದಲ್ಲಿ ವಿಚಾರಣೆಯಿಂದ ವಿನಾಯಿತಿ ದೊರೆಯುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟಲ್ಲಿ ಈ ವಿನಾಯಿತಿಯನ್ನು ಹಿಂಪಡೆಯಬಹುದಾಗಿದೆ.

ಸಂಪರ್ಕ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗವನ್ನೂ ಸಂಪರ್ಕಿಸಬಹುದು. ವ್ಯಸನಮುಕ್ತಿ ಸಹಾಯವಾಣಿ 14446 ಹಾಗೂ 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416 ಶುಲ್ಕರಹಿತವಾಗಿರುತ್ತವೆ. ವ್ಯಕ್ತಿಯು ಎಚ್ಚರಗೊಳ್ಳದೆ, ಉಸಿರು ಕ್ಷೀಣಿಸಿ, ತುಟಿ ನೀಲಿಗಟ್ಟಿದಲ್ಲಿ ಕೂಡಲೇ 108ಕ್ಕೆ ಕರೆ ಮಾಡಬೇಕು. ನಾಲಾಕ್ಸೋನ್ ಚುಚ್ಚುಮದ್ದಿನಿಂದ ಎಚ್ಚರವಾದರೂ ಅದರ ಪರಿಣಾಮ ಬೇಗ ಇಳಿಯುವುದರಿಂದ ರೋಗಿಯನ್ನು ತಕ್ಷಣ ಮನೆಗೆ ಕರೆದೊಯ್ಯುವಂತೆ ಒತ್ತಾಯಿಸಬಾರದು. ಮೊದಲ ಭೇಟಿಗೆ ಬರುವಾಗ ಗುರುತಿನ ಚೀಟಿ, ಹಿಂದಿನ ಚಿಕಿತ್ಸೆಯ ದಾಖಲೆಗಳು ಹಾಗೂ ಸೇವಿಸುತ್ತಿರುವ ಮಾತ್ರೆಗಳ ಖಾಲಿ ಪಟ್ಟಿಗಳಿದ್ದಲ್ಲಿ ಅವುಗಳನ್ನೂ ತರುವುದು. ದಾಖಲೆಗಳಿಲ್ಲವೆಂಬ ಕಾರಣಕ್ಕೆ ಭೇಟಿಯನ್ನು ಮುಂದೂಡುವ ಅಗತ್ಯವಿಲ್ಲ.