ನೂಡಲ್ಸ್ ಥರ ಬಾಗೋ ಗಾಳದ ಕೋಲು: ಹೆಪ್ಪುಗಟ್ಟಿದ ಸರೋವರದ ಒಂದು ಇತಿಹಾಸ

ಭಾಗ 1/5: ಪ್ರಶ್ನೆ ಒಂದೇ

ವಸ್ತುಗಳ ಇತಿಹಾಸ ಸರಣಿಯಲ್ಲಿ ಈ ಸಲದ ವಸ್ತು ಎರಡೂವರೆ ಅಡಿ ಉದ್ದದ ಒಂದು ಗಾಳದ ಕೋಲು. ಹೆಸರು ನೂಡಲ್ ರಾಡ್. ಊರು ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್, ಮಿಷಿಗನ್ ಕಡೆ. ಚಳಿಗಾಲದಲ್ಲಿ ಅಲ್ಲಿನ ಸರೋವರಗಳ ಮೇಲ್ಮೈ ಗಟ್ಟಿ ಐಸ್ ಆಗುತ್ತೆ. ಜನ ಅದರ ಮೇಲೆ ನಡ್ಕೊಂಡು ಹೋಗಿ, ಒಂದು ತೂತು ಕೊರೆದು, ಪಕ್ಕದಲ್ಲಿ ಕೂತು ಮೀನು ಹಿಡೀತಾರೆ.

ಐಸ್ ಕೆಳಗೆ ಮೀನು ಸಾಯಲ್ವಾ? ಹೈಸ್ಕೂಲಲ್ಲಿ ಓದಿದ್ದು ನೆನಪಿಸ್ಕೊಳ್ಳಿ. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಹೆಚ್ಚು ಸಾಂದ್ರವಾಗಿರುತ್ತೆ. ಆ ನೀರು ತಳಕ್ಕಿಳಿಯುತ್ತೆ, ಹಗುರವಾದ ಐಸ್ ಮೇಲೆ ತೇಲುತ್ತೆ. ಹಾಗಾಗಿ ಮೇಲೆ ಮೈನಸ್ 20 ಇದ್ರೂ ಕೆಳಗೆ ಮೀನು ಬದುಕಿರುತ್ತೆ.

ಆದರೆ ಮೀನು ಶೀತರಕ್ತದ ಪ್ರಾಣಿ. ನೀರು ತಣ್ಣಗಾದರೆ ಅದರ ಜೀರ್ಣಕ್ರಿಯೆ ನಿಧಾನ, ಓಡಾಟ ನಿಧಾನ, ಹಸಿವೂ ಕಮ್ಮಿ. ಬೇಸಿಗೆಯಲ್ಲಿ ಎರೆ ಕಂಡರೆ ನುಗ್ಗಿ ಬರೋ ಮೀನು ಚಳಿಗಾಲದಲ್ಲಿ ಹತ್ತಿರ ಬಂದು, ನಿಂತು, ನೋಡಿ, ಮೆಲ್ಲಗೆ ಬಾಯಿಗೆ ಎಳ್ಕೊಳ್ಳುತ್ತೆ. ಬ್ಲೂಗಿಲ್ ಅನ್ನೋ ಅಂಗೈಯಗಲದ ಮೀನು ಎರೆಯನ್ನ ನೀರಿನ ಜೊತೆ ಒಳಗೆ ಹೀರುತ್ತೆ, ಇಷ್ಟ ಆಗದಿದ್ರೆ ಕ್ಷಣದಲ್ಲಿ ಉಗಿಯುತ್ತೆ. ಮೇಲೆ ದಪ್ಪ ಗ್ಲೌಸ್ ಹಾಕ್ಕೊಂಡು ಕೂತವನ ಕೈಗೆ ಏನೂ ಗೊತ್ತಾಗಲ್ಲ.

ಹಾಗಾದ್ರೆ ಮೀನು ಕಚ್ಚಿದ್ದು ತಿಳಿಯೋದು ಹೇಗೆ? ಐಸ್ ಮೇಲಿನ ಗಾಳದ ಇತಿಹಾಸವನ್ನ ಈ ಒಂದು ಪ್ರಶ್ನೆ ಹಿಡ್ಕೊಂಡು ಓದಬಹುದು. ಬನ್ನಿ, ಶುರು ಮಾಡೋಣ.

ಭಾಗ 2/5: ರಾಡ್ ಬರೋಕೆ ಮುಂಚೆ

ಮೊದಲ ಉತ್ತರ: ಕಣ್ಣಾರೆ ನೋಡು. ಗ್ರೇಟ್ ಲೇಕ್ಸ್ ಪ್ರದೇಶದ ಮೂಲನಿವಾಸಿಗಳಾದ ಒಜಿಬ್ವೆ ಜನ ಐಸ್‌ನಲ್ಲಿ ತೂತು ಮಾಡಿ, ಅದರ ಮೇಲೆ ಹೊದಿಕೆ ಹಾಕಿ ಕತ್ತಲು ಮಾಡ್ಕೊಂಡು, ಒಳಗೆ ಮಲಗಿ ನೀರಿನೊಳಗೆ ನೋಡ್ತಿದ್ರು. ಸುತ್ತ ಕತ್ತಲಾದಾಗ ನೀರಿನ ಒಳಗಿನದು ಸ್ಪಷ್ಟವಾಗಿ ಕಾಣುತ್ತೆ. ಮರದಲ್ಲಿ ಕೆತ್ತಿದ ಪುಟ್ಟ ಮೀನನ್ನ ದಾರಕ್ಕೆ ಕಟ್ಟಿ ಈಜಾಡಿಸೋದು, ದೊಡ್ಡ ಮೀನು ನೋಡೋಕೆ ಬಂದರೆ ಈಟಿ ಬಿಡೋದು. ಈ ವಿದ್ಯೆ ಇವತ್ತಿಗೂ ಇದೆ. ವಿಸ್ಕಾನ್ಸಿನ್‌ನ ವಿನ್ನೆಬೇಗೊ ಸರೋವರದಲ್ಲಿ ಪ್ರತಿ ಫೆಬ್ರವರಿಯಲ್ಲಿ ಸ್ಟರ್ಜನ್ ಮೀನಿನ ಈಟಿ ಬೇಟೆ ನಡೆಯುತ್ತೆ.

ಎರಡನೇ ಉತ್ತರ: ಬೆರಳಿಂದ ತಿಳಿ. ಒಂದು ಮರದ ತುಂಡು, ಅದಕ್ಕೆ ಎರಡು ಗೂಟ, ಗೂಟಗಳಿಗೆ ಸುತ್ತಿದ ದಾರ. ಇದೇ ಜಿಗ್ ಸ್ಟಿಕ್. ರೀಲ್ ಇಲ್ಲ (ನಾವು ದಿನಾ ನೋಡೋ ರೀಲ್ ಅಲ್ಲ ಮಾರಾಯ್ರೇ, ದಾರ ಸುತ್ತೋ ಚಕ್ರ!). ಮೀನು ಸಿಕ್ಕರೆ ಬಾವಿಯಿಂದ ಹಗ್ಗ ಸೇದಿದ ಹಾಗೆ ಎರಡೂ ಕೈಯಿಂದ ದಾರ ಎಳೀಬೇಕು. ಅಗ್ಗ, ಮುರಿಯಲ್ಲ, ಮನೆಯಲ್ಲೇ ಮಾಡ್ಕೋಬಹುದು. ಆದರೆ ಬೆರಳು ಮರಗಟ್ಟಿದ್ರೆ ಮೀನೂ ಇಲ್ಲ.

ಮೂರನೇ ಉತ್ತರ ನನಗೆ ತುಂಬಾ ಇಷ್ಟ. ರಷ್ಯಾದಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಮೊರ್ಮಿಷ್ಕ ಅನ್ನೋ ಗಾಳ ಬಳಸ್ತಾರೆ. ಅದಕ್ಕೆ ಹೊಂದೋ ಹಾಗೆ ಪುಟ್ಟ ಕೋಲಿನ ತುದಿಗೆ ಕಿವೊಕ್ ಅಂತ ಒಂದು ಬಳುಕೋ ಎಳೆ. ರಷ್ಯನ್ ಭಾಷೆಯಲ್ಲಿ ಆ ಪದಕ್ಕೆ ತಲೆಯಾಡಿಸೋದು ಅಂತ ಅರ್ಥ. ಹಿಂದೆ ಇದನ್ನ ಕಾಡುಹಂದಿಯ ಬಿರುಗೂದಲಿನಿಂದ ಮಾಡ್ತಿದ್ರು. ಮೀನು ಮುಟ್ಟಿದರೆ ಸಾಕು, ಎಳೆ ತಲೆಯಾಡಿಸುತ್ತೆ. ಕೈಗೆ ತಿಳಿಯದ್ದು ಕಣ್ಣಿಗೆ ಕಾಣುತ್ತೆ.

ಒಂದು ಹಂದಿ ಕೂದಲು ಬಿಡಿಸಿದ ಈ ಲೆಕ್ಕವನ್ನ ಮುಂದೆ ದೊಡ್ಡ ಕಾರ್ಖಾನೆಗಳು ಮರೆತವು. ಹೇಗೆ ಅಂತ ಮುಂದಿನ ಭಾಗದಲ್ಲಿ.

ಭಾಗ 3/5: ಬಿದಿರು, ಗಾಜು, ಕಾರ್ಬನ್

ಬೇಸಿಗೆಯ ರಾಡ್‌ಗಳ ಕಥೆ ಬೇರೆ ದಾರಿ ಹಿಡೀತು. 19ನೇ ಶತಮಾನದಲ್ಲಿ ಅಮೆರಿಕದ ಒಳ್ಳೆ ರಾಡ್‌ಗಳು ಸೀಳಿ ಅಂಟಿಸಿದ ಬಿದಿರಿನವು. ಮೊದಮೊದಲು ಬಳಸಿದ ಬಿದಿರಿಗೆ ಅಲ್ಲಿನವರು ಕಲ್ಕತ್ತಾ ಕೇನ್ ಅಂತಿದ್ರು. ಹೌದು, ನಮ್ಮ ಕಲ್ಕತ್ತಾನೇ, ಅಲ್ಲಿಂದ ಹಡಗು ಹತ್ತಿ ಹೋಗ್ತಿದ್ದ ಬಿದಿರು. ಆಮೇಲೆ ಚೀನಾದ ಟಾಂಕಿನ್ ಬಿದಿರು ಆ ಜಾಗಕ್ಕೆ ಬಂತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಆರ್ಥರ್ ಹೋವಾಲ್ಡ್ ಅನ್ನೋ ರಸಾಯನ ತಜ್ಞ, ಮುರಿದ ತನ್ನ ಬಿದಿರಿನ ರಾಡ್‌ಗೆ ಗಾಜಿನ ನಾರು ಮತ್ತು ರಾಳ ಸೇರಿಸಿ ಹೊಸ ತುದಿ ಮಾಡ್ಕೊಂಡ. ಆ ತಂತ್ರದಿಂದಲೇ ಶೇಕ್ಸ್‌ಪಿಯರ್ ಕಂಪನಿ 1947ರ ಹೊತ್ತಿಗೆ ವಂಡರ್‌ರಾಡ್ ಅನ್ನ ಮಾರುಕಟ್ಟೆಗೆ ತಂತು. 1950ರಲ್ಲಿ ಕೊರಿಯಾ ಯುದ್ಧ ಬಂದು, ಅಮೆರಿಕ ಚೀನಾ ವ್ಯಾಪಾರ ನಿಷೇಧಿಸಿದಾಗ ಟಾಂಕಿನ್ ಬಿದಿರು ಬರೋದೇ ನಿಂತಿತು. ಗಾಜಿನ ರಾಡ್‌ಗೆ ದಾರಿ ಸಲೀಸಾಯ್ತು. ಇಂಟರ್‌ನ್ಯಾಷನಲ್ ಟ್ರೇಡ್ ಪೇಪರ್ ಓದೋರು ಇದನ್ನ ಉದಾಹರಣೆಯಾಗಿ ಇಟ್ಕೊಳ್ಳಿ: ಒಂದು ನಿಷೇಧ ಒಂದು ಇಡೀ ಉದ್ಯಮದ ಕಚ್ಚಾವಸ್ತುವನ್ನೇ ಬದಲಾಯಿಸಿತು.

1973ರಲ್ಲಿ ಫೆನ್‌ವಿಕ್ ಕಂಪನಿ ಗ್ರಾಫೈಟ್ ರಾಡ್ ತಂತು. ಹಗುರ, ಬಿಗಿ, ದೂರ ಎಸೆಯೋಕೆ ಸೂಪರ್. ಅಲ್ಲಿಂದ ಜಾಹೀರಾತಿನ ಭಾಷೆ ಒಂದೇ: ಇನ್ನೂ ಬಿಗಿ, ಇನ್ನೂ ಹಗುರ.

ಐಸ್ ಮೇಲೆ ಕೂತವನಿಗೆ ಎಸೆಯೋ ಕೆಲಸವೇ ಇಲ್ಲ. ತೂತು ಕಾಲಬುಡದಲ್ಲೇ ಇದೆ. ಅವನಿಗೆ ಸಿಕ್ಕಿದ್ದು ಬೇಸಿಗೆ ರಾಡ್‌ನ ಕುಳ್ಳ ರೂಪ, ಅದೂ ಗಡುಸು. ಹಾಗಾಗಿ ಎಷ್ಟೋ ಜನ ಮುರಿದ ರಾಡ್‌ನ ತುದಿಯನ್ನ ಕತ್ತರಿಸಿ ಮರದ ಹಿಡಿಗೆ ಸಿಕ್ಕಿಸಿ ಸ್ವಂತ ಐಸ್ ರಾಡ್ ಮಾಡ್ಕೊಂಡ್ರು. ಮಾರುಕಟ್ಟೆ ಕೊಡದೇ ಇದ್ದದ್ದನ್ನ ಮನೆಯ ಗ್ಯಾರೇಜ್ ಕೊಟ್ಟಿತು. ಕಸ್ಟಮ್ ರಾಡ್‌ನ ಬೇರು ಇಲ್ಲಿದೆ.

ಭಾಗ 4/5: ನೂಡಲ್ ಅನ್ನೋ ಹೆಸರು

ಮಿಷಿಗನ್‌ನ ಡಿಕ್ ಸ್ವಾನ್ ನೂಡಲ್ ರಾಡ್ ಅನ್ನ ಜನಪ್ರಿಯ ಮಾಡಿದವರು. ಅವರದ್ದು ನದಿಯ ರಾಡ್: ಹತ್ತು ಅಡಿಗಿಂತ ಉದ್ದ, ಬುಡದವರೆಗೂ ಬಾಗೋ ಮೈ. ಸ್ಟೀಲ್‌ಹೆಡ್ ಅನ್ನೋ ಬಲಶಾಲಿ ಮೀನನ್ನ ಕೂದಲೆಳೆಯಂಥ ದಾರದಲ್ಲಿ ಹಿಡಿಯೋದು ಅವರ ಗುರಿ. ಮೀನು ಜಗ್ಗಿದಾಗ ರಾಡ್ ಬಾಗಿ ಏಟು ತಿನ್ನುತ್ತೆ, ದಾರ ಉಳಿಯುತ್ತೆ.

ಐಸ್ ಮೇಲೆ ಅದೇ ಹೆಸರಿಗೆ ಇನ್ನೊಂದು ಕೆಲಸ ಸೇರಿತು. ಸುಮಾರು 1980ರಲ್ಲಿ ಮಿನ್ನೆಸೋಟದ ಡೇವ್ ಗೆಂಜ್, ಜಾರುಬಂಡಿಯ ಮೇಲೆ ಮಡಚೋ ಟೆಂಟ್ ಕೂರಿಸಿ ಫಿಶ್ ಟ್ರ್ಯಾಪ್ ಮಾಡಿದ್ರು. ಒಂದೇ ಕಡೆ ದಿನವಿಡೀ ಕೂರೋ ಬದಲು ತೂತಿಂದ ತೂತಿಗೆ ಓಡಾಡೋ ಪದ್ಧತಿ ಹರಡಿತು. ಜೊತೆಗೆ ಫ್ಲ್ಯಾಶರ್ ಅನ್ನೋ ಸೋನಾರ್ ಯಂತ್ರ. ಮೀನು ಎರೆಯ ಹತ್ತಿರ ಬಂದು ನಿಂತಿರೋದು ಅದರ ಬೆಳಕಿನಲ್ಲಿ ಕಾಣುತ್ತೆ. ಈಗ ತಮಾಷೆ ನೋಡಿ: ಮೀನು ಬಂತು, ನಿಂತಿತು, ಹೋಯ್ತು. ಯಂತ್ರ ಹೇಳ್ತು, ಕೈ ಹೇಳಲಿಲ್ಲ. ಕಳ್ಕೊಂಡ ಮೀನಿನ ಲೆಕ್ಕ ಕಣ್ಣೆದುರೇ ಬಂದಾಗ ಮೆದು ತುದಿಯ ಬೆಲೆ ಗೊತ್ತಾಗದೇ ಇರುತ್ತಾ?

ಹಾಗೆ ಕಿವೊಕ್‌ನ ವಿದ್ಯೆ ಬೇರೆ ವೇಷದಲ್ಲಿ ವಾಪಸ್ ಬಂತು. ಎಳೆಯನ್ನ ತುದಿಗೆ ಕಟ್ಟೋ ಬದಲು ಇಡೀ ರಾಡನ್ನೇ ಬಳುಕೋ ಹಾಗೆ ಮಾಡಿದ್ರು. ಮಿನ್ನೆಸೋಟದ ಥಾರ್ನ್ ಬ್ರದರ್ಸ್ ಥರದ ಅಂಗಡಿಗಳಲ್ಲಿ ಗಿರಾಕಿ ಹೇಳಿದ ಮೀನಿಗೆ, ಹೇಳಿದ ಗಾಳಕ್ಕೆ ತಕ್ಕ ಹಾಗೆ ಐಸ್ ರಾಡ್ ಕಟ್ಟಿಕೊಡ್ತಾರೆ.

ಕಾಸ್ಟ್ ಅಕೌಂಟಿಂಗ್ ಓದೋರಿಗೆ ಇದು ಗೊತ್ತಿರೋ ವಿಷಯ, ಜಾಬ್ ಕಾಸ್ಟಿಂಗ್. ಪ್ರತಿ ಆರ್ಡರ್‌ಗೂ ಬೇರೆ ಜಾಬ್ ಕಾರ್ಡ್. ಕಾರ್ಖಾನೆಗೆ ಒಂದೇ ಮಾದರಿ ಸಾವಿರ ಮಾಡಿದರೆ ಲಾಭ. ಒಂದು ಗ್ರಾಂ ಗಾಳಕ್ಕೆ ಮಾತ್ರ ಸರಿಹೋಗೋ ರಾಡ್ ಅದಕ್ಕೆ ಬೇಡ. ಆ ಸಣ್ಣ ಬೇಡಿಕೆಯ ಮೇಲೆ ಸಣ್ಣ ಕಾರ್ಯಾಗಾರಗಳು ಬದುಕಿದವು.

ಭಾಗ 5/5: ಆರಿಸೋದು ಹೇಗೆ?

ಇತಿಹಾಸ ಗೊತ್ತಿದ್ರೆ ಆಯ್ಕೆ ಸುಲಭ. ಕಟ್ಟೋರ ಹತ್ತಿರ ಹೋದಾಗ ಕೇಳಬೇಕಾದ್ದು ಇಷ್ಟು.

ಒಂದು: ಇದು ಕೈಗಾ, ಕಣ್ಣಿಗಾ? ಕಾರ್ಬನ್ ರಾಡ್ ಕಂಪನವನ್ನ ಕೈಗೆ ತಲುಪಿಸುತ್ತೆ. ನೂಡಲ್ ರಾಡ್ ಕಣ್ಣಿನ ರಾಡ್. ಅದಕ್ಕೆ ಟೊಳ್ಳಿಲ್ಲದ ಗಾಜಿನಾರು ಒಳ್ಳೇದು: ನಿಧಾನಕ್ಕೆ ಬಾಗುತ್ತೆ, ಬಾಗಿದ್ದು ಚೆನ್ನಾಗಿ ಕಾಣುತ್ತೆ, ಏಟು ತಿಂದ್ರೂ ಸುಲಭಕ್ಕೆ ಮುರಿಯಲ್ಲ.

ಎರಡು: ನೀವು ಬಳಸೋ ಗಾಳವನ್ನೇ ತಗೊಂಡು ಹೋಗಿ ತುದಿಗೆ ನೇತುಹಾಕಿ. ಅದರ ಭಾರಕ್ಕೆ ತುದಿ ಸ್ವಲ್ಪ ಬಾಗಬೇಕು. ಕ್ರಾಪಿ ಅನ್ನೋ ಮೀನು ಎಷ್ಟೋ ಸಲ ಎರೆಯನ್ನ ಕಚ್ಚಿ ಮೇಲಕ್ಕೇಳುತ್ತೆ. ಆಗ ಭಾರ ಇಳಿದು, ಬಾಗಿದ್ದ ತುದಿ ನೆಟ್ಟಗಾಗುತ್ತೆ. ಮೊದಲೇ ಬಾಗದ ರಾಡ್ ಇದನ್ನ ಹೇಗೆ ತೋರಿಸುತ್ತೆ?

ಮೂರು: ಹಿಂದೆ ಬೆನ್ನೆಲುಬು ಇದೆಯಾ? ಕ್ರಾಪಿಯ ಬಾಯಿ ಕಾಗದದಷ್ಟು ತೆಳು, ಗಡುಸಾಗಿ ಎಳೆದರೆ ಹರಿಯುತ್ತೆ. ಬರೀ ಮೆದುವಾದರೆ ಕೊಕ್ಕೆ ನೆಡಲ್ಲ. ಮೆದು ಎಲ್ಲಿ ಮುಗಿದು ಬಲ ಎಲ್ಲಿ ಶುರುವಾಗುತ್ತೆ ಅನ್ನೋದರಲ್ಲೇ ಕಟ್ಟೋರ ಕೈಚಳಕ. ದಾರ ಹಾಯೋ ಉಂಗುರಗಳೂ ಹಗುರ ಇರಬೇಕು. ಭಾರದ ಉಂಗುರ ತುದಿಯ ಬಳುಕನ್ನ ಕೊಲ್ಲುತ್ತೆ.

ನಾಲ್ಕು: ಎಲ್ಲಿ ಕೂರ್ತೀರಿ? ಟೆಂಟ್ ಒಳಗಾದರೆ ಎರಡು ಅಡಿ ಚಿಲ್ಲರೆ, ಬಯಲಲ್ಲಿ ನಿಂತು ಹಿಡಿಯೋದಾದರೆ ಮೂರು ಅಡಿ. ಗಾಳಿ ಜೋರಿದ್ರೆ ತೀರಾ ಮೆದು ತುದಿ ತಾನೇ ಅಲ್ಲಾಡಿ ಮೋಸ ಮಾಡುತ್ತೆ.

ಐದು: ದುಡ್ಡು. ಕೈಯಲ್ಲಿ ಕಟ್ಟಿದ ರಾಡ್ 100 ಡಾಲರ್ ದಾಟೋದು ಸಾಮಾನ್ಯ. ಹೊಸಬರಿಗೆ ಅದು ಬೇಕಿಲ್ಲ. ಯಾವ ಮೀನು, ಯಾವ ಗಾಳ ಅಂತ ಗೊತ್ತಾದ ಮೇಲೆ ಕಟ್ಟಿಸಿದರೆ ಆ ಖರ್ಚಿಗೆ ಅರ್ಥ.

ಇಷ್ಟೆಲ್ಲಾ ಕಲಿತ ಮೇಲೂ ಕಾಲ ಕೆಳಗಿನ ಐಸ್ ಇರಬೇಕಲ್ಲ? ನಡೆಯೋಕೆ ಕನಿಷ್ಠ 4 ಇಂಚು ಗಟ್ಟಿ ಐಸ್ ಬೇಕು ಅನ್ನುತ್ತೆ ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ. 2023-24ರ ಚಳಿಗಾಲ ಆ ರಾಜ್ಯದ ದಾಖಲೆಯಲ್ಲೇ ಅತಿ ಬೆಚ್ಚಗಿನದು. 2023ರ ಡಿಸೆಂಬರ್ ಕೊನೆಯಲ್ಲಿ ಅಪ್ಪರ್ ರೆಡ್ ಲೇಕ್‌ನಲ್ಲಿ ಐಸ್ ಬಿರುಕುಬಿಟ್ಟು ದಡದಿಂದ ಕಳಚಿಕೊಂಡು, 100ಕ್ಕೂ ಹೆಚ್ಚು ಜನ ಅದರ ಮೇಲೆ ಸಿಕ್ಕಿಹಾಕ್ಕೊಂಡಿದ್ರು. ಎಲ್ಲರನ್ನೂ ರಕ್ಷಿಸಿದ್ರು, ಪುಣ್ಯ.

ಈಟಿ, ಬೆರಳು, ಹಂದಿ ಕೂದಲು, ಗಾಜಿನ ನಾರು. ಇಷ್ಟು ತಲೆಮಾರು ಸೇರಿ ಕಲಿತದ್ದು ನೀರಿನ ಅತಿ ಸಣ್ಣ ಸುಳಿವನ್ನ ಓದೋದು. ಐಸ್ ಕೊಡ್ತಿರೋ ಸುಳಿವು ಅಷ್ಟೇನೂ ಸಣ್ಣದಿಲ್ಲ.

ನಿಮ್ಮ ಊರಲ್ಲಿ ಗಾಳದ ಕೋಲು ಯಾವುದರಿಂದ ಮಾಡ್ತಾರೆ? ಕಮೆಂಟ್ ಮಾಡಿ. ಕಾಸ್ಟಿಂಗ್ ಓದೋ ಫ್ರೆಂಡ್‌ಗೆ ನಾಲ್ಕನೇ ಭಾಗ ಕಳಿಸಿ, ಪರೀಕ್ಷೆಗೆ ಬರಬಹುದು!

#ವಸ್ತುಗಳಇತಿಹಾಸ #ಗಾಳ #ಕನ್ನಡದಲ್ಲಿಇತಿಹಾಸ #ಬಿಕಾಂಬಳಗ