ಅಡಿಕೆ ಸುಲಿದ ರಾತ್ರಿಗಳ ಲೆಕ್ಕ

ಕಳೆದ ತಿಂಗಳು ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಿಂದ ಫೋನು ಮಾಡಿದ್ದಳು. ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಆಕೆ ದಾದಿ. ಇಪ್ಪತ್ತು ವರ್ಷಗಳಿಗೂ ಮೀರಿದ ಸೇವೆ. ಕುಶಲಪ್ರಶ್ನೆಗಳಾದ ಮೇಲೆ, ರಾತ್ರಿ ಪಾಳಿಯಿಂದ ಆರೋಗ್ಯ ಕೆಡುವುದಿಲ್ಲವೇ ಎಂದು ಕೇಳಿದೆ. ಹಿರಿಯರ ಚಾಳಿಯಂತೆ ಒಂದು ಉಪದೇಶವನ್ನೂ ಸೇರಿಸಿದೆ. ನಮ್ಮ ಕಾಲದಲ್ಲಿ ದೀಪ ಹಚ್ಚಿದ ಮೇಲೆ ಉಂಡು ಮಲಗುತ್ತಿದ್ದೆವು, ಕೋಳಿ ಕೂಗುವಾಗ ಏಳುತ್ತಿದ್ದೆವು, ಈ ರಾತ್ರಿ ದುಡಿಮೆಯೆಲ್ಲ ಪಟ್ಟಣದವರು ಕಟ್ಟಿಕೊಂಡ ರೋಗ ಎಂದೆ. ಅವಳು ನಕ್ಕಳು.

"ಸಾರ್, ಒಂಬತ್ತನೇ ಕ್ಲಾಸಿನಲ್ಲಿ ನೀವು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದು ನೆನಪಿದೆಯಾ? ಪಾಠದ ಮಧ್ಯೆ ತೂಕಡಿಸಿದೆ ಅಂತ. ಹಿಂದಿನ ರಾತ್ರಿ ಒಂದು ಗಂಟೆಯವರೆಗೆ ಅಮ್ಮನ ಜೊತೆ ಅಡಿಕೆ ಸುಲಿದಿದ್ದೆ ಸಾರ್. ನನ್ನ ಮೊದಲನೆಯ ನೈಟ್ ಡ್ಯೂಟಿ ಅದೇ."

ನನಗೆ ನೆನಪಿರಲಿಲ್ಲ. ಅವಳ ಮಾತಿನಲ್ಲಿ ಆಕ್ಷೇಪವೂ ಇರಲಿಲ್ಲ, ನಗುತ್ತಲೇ ಹೇಳಿದಳು. ಆದರೆ ಅಂದಿನಿಂದ ಈ ವಿಷಯ ನನ್ನ ತಲೆಯಲ್ಲಿ ಕುಳಿತಿದೆ. ನಾನು ಕಲಿಸುತ್ತಿದ್ದುದು ಇತಿಹಾಸ. ಕೈಗಾರಿಕಾ ಕ್ರಾಂತಿಯ ಪಾಠದಲ್ಲಿ ಇಂಗ್ಲೆಂಡಿನ ಬಟ್ಟೆ ಗಿರಣಿಗಳ ಮಕ್ಕಳ ಕಥೆಯನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದೆನೆಂದು ಒಳಗೊಳಗೇ ಹೆಮ್ಮೆಪಟ್ಟುಕೊಂಡವನು. ಹದಿನೆಂಟು ತುಂಬದವರನ್ನು ರಾತ್ರಿ ಗಿರಣಿಯಲ್ಲಿ ದುಡಿಸಬಾರದೆಂದು 1833ರ ಕಾಯಿದೆ ವಿಧಿಸಿತು ಎಂಬುದನ್ನು ಎಷ್ಟು ಮಕ್ಕಳಿಂದ ಬಾಯಿಪಾಠ ಮಾಡಿಸಿಲ್ಲ! ಎದುರಿನ ಬೆಂಚುಗಳಲ್ಲಿ ಅಡಿಕೆಯ ಚೊಗರಿನಿಂದ ಕಪ್ಪಾದ ಬೆರಳುಗಳು ಸಾಲಾಗಿ ಕುಳಿತಿರುತ್ತಿದ್ದವು. ಪಾಠಕ್ಕೂ ಆ ಬೆರಳುಗಳಿಗೂ ಸಂಬಂಧ ಕಲ್ಪಿಸುವ ಬುದ್ಧಿ ನನಗೆ ಬರಲಿಲ್ಲ.

ಊರು ಬಿಟ್ಟು ಬೆಳೆದ ನಮ್ಮ ಮೊಮ್ಮಕ್ಕಳಿಗಾಗಿ ಸ್ವಲ್ಪ ವಿವರಿಸುತ್ತೇನೆ. ಕರಾವಳಿಯವರ ಚಾಲಿ ಅಡಿಕೆ ನಿಧಾನದ ಬೆಳೆ. ಹಣ್ಣಾದ ಕಾಯಿಯನ್ನು ಸಿಪ್ಪೆಸಹಿತ ನಲವತ್ತು ದಿನ ಬಿಸಿಲಿನಲ್ಲಿ ಒಣಗಿಸಿ ಪುರಸೊತ್ತಿನಲ್ಲಿ ಸುಲಿಯಬಹುದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ನಾವು ಮಾಡುವುದು ಬಹುಪಾಲು ಕೆಂಪಡಿಕೆ. ಹಸಿಕಾಯಿಯನ್ನೇ ಕೊಯ್ಯಬೇಕು, ಹಸಿಯಿರುವಾಗಲೇ ಸುಲಿಯಬೇಕು, ಚೊಗರು ಹಾಕಿ ಹಂಡೆಯಲ್ಲಿ ಬೇಯಿಸಬೇಕು, ಚಪ್ಪರದ ಮೇಲೆ ಹರವಬೇಕು. ಹಸಿಕಾಯಿ ಕಾಯುವುದಿಲ್ಲ. ಕೊನೆಗಾರರು ದಿನವಿಡೀ ಮರದಿಂದ ಮರಕ್ಕೆ ಹಾರಿ ಇಳಿಸಿದ ಕೊನೆಗಳು ಅಂಗಳಕ್ಕೆ ಬರುವಾಗ ಸಂಜೆಯಾಗಿರುತ್ತದೆ. ಮಾರನೆಯ ದಿನ ಇನ್ನೊಂದು ರಾಶಿ ಬರುತ್ತದೆ. ಸುಲಿಯಲು ಉಳಿಯುವುದು ರಾತ್ರಿಯೊಂದೇ. ದಸರೆಯ ಹೊತ್ತಿಗೆ ಮೊದಲಾದರೆ ಸಂಕ್ರಾಂತಿ ದಾಟುವವರೆಗೂ ಇದೇ ಸಂಭ್ರಮ. ಸಂಭ್ರಮ ಎಂದೇ ನಾವು ಕರೆಯುತ್ತಿದ್ದೆವು.

ಅದರಲ್ಲಿ ಸುಳ್ಳೇನೂ ಇಲ್ಲ. ಉದ್ದನೆಯ ಜಗಲಿಯಲ್ಲಿ ಸಾಲಾಗಿ ಮೆಟ್ಟುಗತ್ತಿಗಳು, ನಡುವೆ ಲಾಟೀನು, ಅನುಕೂಲಸ್ಥರ ಮನೆಯಾದರೆ ಬುಸುಗುಡುವ ಗ್ಯಾಸ್‌ಲೈಟು. ಕಥೆ, ಒಗಟು, ಯಾರದೋ ಮನೆಯ ಮದುವೆಯ ಸುದ್ದಿ. ಹತ್ತರ ಸುಮಾರಿಗೆ ಒಂದು ಸುತ್ತು ಬೆಲ್ಲದ ಕಾಫಿ. ಸುಲಿದದ್ದನ್ನು ಡಬ್ಬದಲ್ಲಿ ಅಳೆದು, ಡಬ್ಬಕ್ಕಿಷ್ಟು ಎಂದು ಕೂಲಿ. ಹುಡುಗನಾಗಿದ್ದಾಗ ನಾನೂ ಅಲ್ಲಿ ಕುಳಿತವನೇ. ಆದರೆ ಕಣ್ಣೆಳೆದ ಕೂಡಲೇ ನನ್ನನ್ನು ಎಬ್ಬಿಸಿ ಚಾಪೆಗೆ ಕಳಿಸುತ್ತಿದ್ದರು. ನನ್ನ ನೆನಪಿನ ಅಡಿಕೆ ಸುಲಿಯುವ ರಾತ್ರಿ ಅಲ್ಲಿಗೇ ಮುಗಿಯುತ್ತದೆ. ಮಲಗಲು ಕಳಿಸದವರ ರಾತ್ರಿ ಎಷ್ಟು ಉದ್ದವಿತ್ತೆಂದು ನಾನು ಕೇಳಲಿಲ್ಲ.

ಈಗ ಲೆಕ್ಕ ಹಾಕಿ ನೋಡೋಣ. ಕೊಟ್ಟಿಗೆ ಕೆಲಸಕ್ಕೆಂದು ಬೆಳಗಿನ ಐದಕ್ಕೆ ಎದ್ದ ಹೆಂಗಸು ರಾತ್ರಿ ಹತ್ತಕ್ಕೆ ಮೆಟ್ಟುಗತ್ತಿಯ ಮುಂದೆ ಕುಳಿತಿದ್ದರೆ ಅವಳು ಎಚ್ಚರವಾಗಿ 17 ಗಂಟೆಗಳಾಗಿರುತ್ತವೆ. 1997ರಲ್ಲಿ ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬ ವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ ಒಂದು ಹೋಲಿಕೆಯನ್ನು ಪ್ರಕಟಿಸಿದರು. ಸತತವಾಗಿ 17 ಗಂಟೆ ಎಚ್ಚರವಿದ್ದವರ ಕೈ ಮತ್ತು ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರವಿರುವ ಕುಡುಕನ ಮಟ್ಟಕ್ಕೆ ಇಳಿದಿರುತ್ತದೆ. 24 ಗಂಟೆಯಾದರೆ ಶೇಕಡಾ 0.10ರ ಮಟ್ಟಕ್ಕೆ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ವಿಧಿಸಿರುವ ಮಿತಿ ಶೇಕಡಾ 0.03. ಜೀವಮಾನದಲ್ಲಿ ಹೆಂಡವನ್ನು ಮೂಸಿಯೂ ನೋಡದ ನಮ್ಮ ತಾಯಂದಿರು ಆ ಸ್ಥಿತಿಯಲ್ಲಿ ಹರಿತವಾದ ಕತ್ತಿಯ ಮುಂದೆ ಇನ್ನೂ ಮೂರು ಗಂಟೆ ಕೂರುತ್ತಿದ್ದರು. ಅಡಿಕೆಯ ಕಾಲದಲ್ಲಿ ಬೆರಳಿಗೆ ಬಟ್ಟೆ ಸುತ್ತಿಕೊಳ್ಳದ ಹೆಂಗಸನ್ನು ನಾನು ಕಂಡ ನೆನಪಿಲ್ಲ. "ಸ್ವಲ್ಪ ಕೈ ತಪ್ಪಿತು" ಎನ್ನುತ್ತಿದ್ದರು, ಅಷ್ಟೇ.

ಹಗಲು ಮಲಗಿ ಸರಿದೂಗಿಸಿಕೊಳ್ಳಬಹುದಲ್ಲ ಎಂದು ಕೇಳುವವರುಂಟು. ಅವರಿಗೆ ಪುರಸೊತ್ತಿರಲಿಲ್ಲ ಎಂಬುದು ಒಂದು ಉತ್ತರ. ಪುರಸೊತ್ತಿದ್ದರೂ ದೇಹ ಪೂರ್ತಿ ಒಪ್ಪುವುದಿಲ್ಲ ಎಂಬುದು ಇನ್ನೊಂದು. ನಮ್ಮ ತೋಟದ ಬದುವಿನಲ್ಲಿ ಕಾಲಿಗೆ ತೊಡರುವ ಮುಟ್ಟಿದರೆ ಮುನಿ ಗಿಡವನ್ನು ಎಲ್ಲರೂ ಬಲ್ಲಿರಿ. ಅಂಥದೇ ಗಿಡವೊಂದನ್ನು 1729ರಲ್ಲಿ ಫ್ರಾನ್ಸಿನ ದ ಮೆರಾನ್ ಎಂಬ ವಿದ್ವಾಂಸ ಕತ್ತಲಲ್ಲಿಟ್ಟು ನೋಡಿದ. ಬೆಳಕೇ ಇಲ್ಲದಿದ್ದರೂ ಅದು ಹಗಲಿನ ಹೊತ್ತಿಗೆ ಎಲೆ ಬಿಚ್ಚುತ್ತಿತ್ತು, ರಾತ್ರಿಯ ಹೊತ್ತಿಗೆ ಮಡಚುತ್ತಿತ್ತು. ಗಿಡದೊಳಗೇ ಒಂದು ಗಡಿಯಾರವಿದೆ ಎಂಬುದಕ್ಕೆ ಅದು ಮೊದಲ ಸುಳಿವು. ಮನುಷ್ಯನಲ್ಲಿಯೂ ಅದಿದೆ; ಅಂತಹ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆಂದು ಕಂಡುಹಿಡಿದ ಮೂವರು ಅಮೆರಿಕನ್ನರಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂದಿತು. ಮುಂಜಾವಿನ ಮೂರರಿಂದ ಐದರ ನಡುವೆ ದೇಹದ ಶಾಖ ತೀರ ಇಳಿಯುತ್ತದೆ, ಎಚ್ಚರ ಮಂದವಾಗುತ್ತದೆ. ಹಗಲು ಮಲಗಿದವನನ್ನು ಅದೇ ಗಡಿಯಾರ ನಿದ್ದೆ ತುಂಬುವ ಮೊದಲೇ ಎಬ್ಬಿಸಿಬಿಡುತ್ತದೆ.

ನಮ್ಮ ಸೀಮೆಗೆ ಗಂಟೆ ಹೊಡೆದು ಕರೆಯುವ ರಾತ್ರಿ ದುಡಿಮೆ ಬಂದುದು ಭದ್ರಾವತಿಯ ದಾರಿಯಲ್ಲಿ. ಹಿಂದೆ ಎಡೇಹಳ್ಳಿ ಎನಿಸಿಕೊಂಡಿದ್ದ ಊರು, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಭೇಟಿಯ ನೆನಪಿಗೆ 1915ರಲ್ಲಿ ನರಸಿಂಹರಾಜಪುರವಾಯಿತು. ತರೀಕೆರೆಯಿಂದ ಅಲ್ಲಿಗೆ ಎರಡಡಿ ಅಗಲದ ಹಳಿಯ ಪುಟ್ಟ ರೈಲೂ ಇತ್ತು. 1923ರ ಜನವರಿಯಲ್ಲಿ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಊದುಕುಲುಮೆ ಹೊತ್ತಿಸಿತು. ಆ ಕುಲುಮೆ ಉರಿಸಿದ್ದು ಕಲ್ಲಿದ್ದಲನ್ನಲ್ಲ, ನಮ್ಮ ಮಲೆನಾಡಿನ ಮರದ ಇದ್ದಿಲನ್ನು. ಊದುಕುಲುಮೆಯನ್ನು ಸಂಜೆ ಆರಿಸಿ ಬೆಳಿಗ್ಗೆ ಹೊತ್ತಿಸಲಾಗದು. ಒಳಗಿನ ಕಬ್ಬಿಣ ಗಟ್ಟಿಯಾದರೆ ಕುಲುಮೆಯೇ ಹಾಳು. ಆದ್ದರಿಂದ ಬೆಂಕಿಗೆ ಬಿಡುವಿಲ್ಲ, ಮನುಷ್ಯರು ಮೂರು ಪಾಳಿಗಳಲ್ಲಿ ಬದಲಾಗಬೇಕು. ಯೋಚಿಸಿದರೆ ಹಸಿ ಅಡಿಕೆಗೂ ಊದುಕುಲುಮೆಗೂ ಇರುವುದು ಒಂದೇ ಗುಣ. ಎರಡೂ ಕಾಯುವುದಿಲ್ಲ. ವ್ಯತ್ಯಾಸವಿಷ್ಟೇ: ಕಾರ್ಖಾನೆಯಲ್ಲಿ ಎಂಟು ಗಂಟೆಯಾದ ಮೇಲೆ ಇನ್ನೊಬ್ಬ ಬರುತ್ತಿದ್ದ.

ಪಾಳಿ ಸುಖದ್ದೆಂದು ನಾನು ಹೇಳುತ್ತಿಲ್ಲ. ನನ್ನ ಸೋದರಮಾವ ದೂರದ ಊರಿನ ಗಿರಣಿಯೊಂದರಲ್ಲಿ ಮೂವತ್ತು ವರ್ಷ ಮೂರು ಪಾಳಿಯಲ್ಲಿ ದುಡಿದವರು. ವಾರಕ್ಕೊಮ್ಮೆ ಪಾಳಿ ಬದಲು. ಅದೂ ರಾತ್ರಿಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ಬೆಳಿಗ್ಗೆಗೆ, ಹಿಂದುಮುಂದಾಗಿ. ಮನುಷ್ಯನ ಒಳಗಡಿಯಾರದ ದಿನ 24 ಗಂಟೆಗಿಂತ ತುಸು ಉದ್ದ. ಹಾಗಾಗಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮುಂದಕ್ಕೆ ಸರಿಯುವುದು ಸುಲಭ, ಹಿಂದಕ್ಕೆ ಸರಿಯುವುದು ಕಷ್ಟ. ಇದು ಮಾವನ ಮೇಲಧಿಕಾರಿಗಳಿಗೆ ತಿಳಿದಿರಲಿಲ್ಲವೋ, ತಿಳಿದರೂ ಬೇಕಿರಲಿಲ್ಲವೋ. ರಜೆಯಲ್ಲಿ ಅವರ ಮನೆಗೆ ಹೋದಾಗ ಅತ್ತೆ ತುಟಿಯ ಮೇಲೆ ಬೆರಳಿಟ್ಟೇ ಬಾಗಿಲು ತೆರೆಯುತ್ತಿದ್ದರು. ಕಿಟಕಿಗೆ ಕಂಬಳಿ ಕಟ್ಟಿ ಮಲಗಿದ ಮಾವ ಎರಡು ಗಂಟೆಯಲ್ಲಿ ಎದ್ದು ಕೂರುತ್ತಿದ್ದರು. ಹೊಟ್ಟೆಯುರಿ, ಸಿಡುಕು, ಆಮೇಲೆ ಸಕ್ಕರೆ ಕಾಯಿಲೆ. ಇವೆಲ್ಲಕ್ಕೂ ಪಾಳಿಯೇ ಕಾರಣವೆಂದು ಒಬ್ಬ ಮನುಷ್ಯನ ವಿಷಯದಲ್ಲಿ ಖಚಿತವಾಗಿ ಹೇಳಲಾಗದು. ಆದರೆ ದೀರ್ಘಕಾಲ ಪಾಳಿಯಲ್ಲಿ ದುಡಿದವರಲ್ಲಿ ಸಕ್ಕರೆ ಕಾಯಿಲೆ, ಹೃದ್ರೋಗಗಳು ಹೆಚ್ಚೆಂಬುದು ಈಗ ಹಲವು ದೇಶಗಳಲ್ಲಿ ಕಂಡ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2007ರಲ್ಲಿ ರಾತ್ರಿ ಪಾಳಿಯನ್ನು 'ಕ್ಯಾನ್ಸರಿಗೆ ಬಹುಶಃ ಕಾರಣ' ಎಂಬ ವರ್ಗಕ್ಕೆ ಸೇರಿಸಿತು; 2019ರಲ್ಲಿ ಮತ್ತೆ ಪರಿಶೀಲಿಸಿ ಅದೇ ಅಭಿಪ್ರಾಯವನ್ನು ಉಳಿಸಿಕೊಂಡಿತು.

ಕುದುರೆಮುಖದ ಗಣಿಗೂ ನಮ್ಮ ಕಡೆಯ ಹುಡುಗರು ಪಾಳಿಗೆ ಹೋದರು. 2005ರ ಕೊನೆಗೆ ಗಣಿ ನಿಂತಿತು. ಭತ್ತದ ಗದ್ದೆಯಲ್ಲಿ ಅಟ್ಟಣೆ ಕಟ್ಟಿ ಹಂದಿ ಕಾಯುತ್ತಿದ್ದವರದೂ ರಾತ್ರಿ ಪಾಳಿಯೇ. ಯಕ್ಷಗಾನ ಮೇಳದವರನ್ನು ಮರೆಯುವುದು ಹೇಗೆ? ದೀಪಾವಳಿಯ ನಂತರ ಹೊರಟರೆ ಮಳೆಗಾಲ ಹತ್ತಿರವಾಗುವವರೆಗೆ ಪ್ರತಿರಾತ್ರಿ ಬೆಳಕು ಹರಿಯುವ ತನಕ ಕುಣಿತ. ನಾವು ನೋಡುಗರು ಚಾಪೆಯ ಮೇಲೆ ಒಂದು ನಿದ್ದೆ ತೆಗೆದು ರಾಕ್ಷಸನ ಆರ್ಭಟಕ್ಕೆ ಎಚ್ಚರಗೊಳ್ಳುತ್ತಿದ್ದೆವು. ರಾಕ್ಷಸನಿಗೆ ಆ ಸೌಕರ್ಯವಿರಲಿಲ್ಲ. ಈಚೆಗೆ ಹಲವು ಮೇಳಗಳು ಕಾಲಮಿತಿಗೆ ಬಂದಾಗ ಪರಂಪರೆ ಕೆಟ್ಟಿತೆಂದು ನಾನೂ ಗೊಣಗಿದ್ದೆ. ಈಗ ಅಷ್ಟು ಧೈರ್ಯ ಸಾಲದು.

ಹೆಂಗಸರ ವಿಷಯದಲ್ಲಿ ಕಾಯಿದೆ ಏನು ಹೇಳುತ್ತಿತ್ತು? 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕಾರ್ಖಾನೆಗಳಲ್ಲಿ ಹೆಂಗಸರ ರಾತ್ರಿ ದುಡಿಮೆಯನ್ನು ನಿಷೇಧಿಸುವ ಒಡಂಬಡಿಕೆ ಮಾಡಿತು. 1921ರಲ್ಲಿ ಭಾರತ ಅದನ್ನು ಅಂಗೀಕರಿಸಿತು. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯಿದೆ ಸಂಜೆ ಏಳರಿಂದ ಬೆಳಿಗ್ಗೆ ಆರರವರೆಗೆ ಕಾರ್ಖಾನೆಯಲ್ಲಿ ಹೆಂಗಸರ ದುಡಿಮೆಗೆ ಅವಕಾಶ ಕೊಡಲಿಲ್ಲ. ಸರ್ಕಾರ ಸಡಿಲಿಸಿದರೂ ರಾತ್ರಿ ಹತ್ತರಿಂದ ಐದರ ನಡುವೆ ಸುತರಾಂ ಕೂಡದು. 2023ರಲ್ಲಿ ಕರ್ನಾಟಕ ಆ ಕಾಯಿದೆಗೆ ತಿದ್ದುಪಡಿ ತಂದು ಷರತ್ತುಗಳೊಂದಿಗೆ ಹೆಂಗಸರಿಗೂ ರಾತ್ರಿ ಪಾಳಿಯನ್ನು ತೆರೆಯಿತು, ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆಯ ದುಡಿಮೆಗೂ ದಾರಿ ಮಾಡಿತು. ಹೆಂಗಸರಿಗೆ ಬಾಗಿಲು ಮುಚ್ಚುವುದು ಸರಿಯಲ್ಲವೆಂಬ ವಾದವನ್ನು ನಾನು ಒಪ್ಪುತ್ತೇನೆ. ಹನ್ನೆರಡು ಗಂಟೆಯ ದಿನವನ್ನು ನನ್ನ ಮನಸ್ಸು ಒಪ್ಪುವುದಿಲ್ಲ. ಅದಿರಲಿ. ಇಷ್ಟೆಲ್ಲ ವರ್ಷ ಈ ಕಾಯಿದೆಗಳು ಕಾರ್ಖಾನೆಯ ಗೇಟಿನೊಳಗೆ ಹೆಂಗಸರ ರಾತ್ರಿಯನ್ನು ಕಾಯುತ್ತಿದ್ದಾಗ, ಕೊಪ್ಪ ತಾಲ್ಲೂಕಿನ ಜಗಲಿಗಳಲ್ಲಿ ಅದೇ ಹೊತ್ತಿನಲ್ಲಿ ಅವರು ಅಡಿಕೆ ಸುಲಿಯುತ್ತಿದ್ದರು. ಆಸ್ಪತ್ರೆಯ ದಾದಿಯರನ್ನಂತೂ ಯಾವ ಕಾಯಿದೆಯೂ ಮನೆಗೆ ಕಳಿಸಲಿಲ್ಲ; ರೋಗಿಯೂ ಕಾಯುವವನಲ್ಲ.

ಅಡಿಕೆಯ ಲೆಕ್ಕಕ್ಕೆ ನಮ್ಮಲ್ಲಿ ಎಂದೂ ಕೊರತೆಯಿರಲಿಲ್ಲ. 1939ರಲ್ಲಿ ಮ್ಯಾಮ್‌ಕೋಸ್ ಸ್ಥಾಪನೆಯಾದ ಮೇಲೆ ಬೆಳೆಗಾರರ ಸರಕು ಹಸ್ತಾಂತರವಾದುದೆಲ್ಲ ಪುಸ್ತಕದಲ್ಲಿದೆ: ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು, ಒಂದೊಂದರ ತೂಕ, ಒಂದೊಂದರ ದರ. ನಮ್ಮ ಮನೆಯ ಹಳೆಯ ಕಡತವನ್ನು ಮೊನ್ನೆ ಅಟ್ಟದಿಂದ ಇಳಿಸಿ ನೋಡಿದೆ. ತಂದೆಯವರ ಕೈಬರಹದಲ್ಲಿ ಡಬ್ಬಗಳ ಸಂಖ್ಯೆ, ಕೂಲಿ, ಸೀಮೆಎಣ್ಣೆಯ ಖರ್ಚು ಸಹ ಇದೆ. ಎಷ್ಟು ಹೊತ್ತಿಗೆ ಯಾರು ಮಲಗಿದರೆಂದು ಬರೆಯುವ ಅಗತ್ಯ ಅವರಿಗೂ ತೋರಿರಲಿಲ್ಲ.

ಈಗ ಸುಲಿಯುವ ಯಂತ್ರಗಳು ಬಂದಿವೆ. ಜಗಲಿಯ ರಾತ್ರಿಗಳು ಬಹುಮಟ್ಟಿಗೆ ಮುಗಿದಿವೆ. ಕಡತವನ್ನು ಅಟ್ಟಕ್ಕೆ ಹಾಕಿ ನನ್ನ ವಿದ್ಯಾರ್ಥಿನಿಗೆ ಫೋನು ಮಾಡಿದೆ. ಬೆಳಿಗ್ಗೆ ಹನ್ನೊಂದು ಗಂಟೆ. ನಿದ್ದೆಗಣ್ಣಿನ ದನಿಯಲ್ಲಿ "ಹೇಳಿ ಸಾರ್" ಎಂದಳು. ನನಗೆ ನಾಚಿಕೆಯಾಯಿತು. "ಮಲಗಮ್ಮ, ಆಮೇಲೆ ಮಾತಾಡೋಣ" ಎಂದು ಇಟ್ಟುಬಿಟ್ಟೆ. ಸಂಜೆ ಅವಳೇ ಮಾಡಿದಳು. ಬೆಂಚಿನ ವಿಷಯಕ್ಕೆ ಕ್ಷಮೆ ಕೇಳಿದೆ. "ಬಿಡಿ ಸಾರ್, ಬೆಂಚಿನ ಮೇಲೆ ನಿಂತಾಗಲೂ ಒಂದು ಸಣ್ಣ ನಿದ್ದೆ ಮಾಡಿದ್ದೆ" ಎಂದಳು. ಅವಳ ಪಾಳಿಯ ಪಟ್ಟಿಯನ್ನು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಂಡಿದ್ದೇನೆ. ಈ ಶುಕ್ರವಾರದವರೆಗೆ ರಾತ್ರಿಯಂತೆ. ಇನ್ನು ಫೋನು ಮಾಡುವುದಿದ್ದರೆ ಶನಿವಾರ ಸಂಜೆ.