ಬೇಲಿ ಒಂದೇ, ಪಾಳಿ ಬೇರೆ

ಇಗುವಾನಾ ಸಾಕೋದು ಈಗ ಬೆಂಗಳೂರಿನ ಫ್ಲ್ಯಾಟುಗಳಲ್ಲೂ ಮಾಮೂಲಿ. ಅದು ಬಂದ ಮೇಲೆ ಬಿಯರ್ಡೆಡ್ ಡ್ರ್ಯಾಗನ್ ಬೇಕು ಅನ್ಸುತ್ತೆ, ಆಮೇಲೆ ಲೆಪರ್ಡ್ ಗೆಕ್ಕೊ. ಮೂರು ಟ್ಯಾಂಕಿಗೆ ಜಾಗ ಎಲ್ಲಿ? 'ಎಲ್ಲಾ ಹಲ್ಲಿಗಳೇ ತಾನೆ, ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಇರಲಿ ಬಿಡಿ' ಅನ್ನೋ ಯೋಚನೆ ಬರೋದು ಆಗಲೇ.

ಈ ಯೋಚನೆಗೆ ಗುಂಡ್ಲುಪೇಟೆ ಕಡೆಯ ಹೊಲದ ಬೇಲಿಯೇ ಒಂದು ಉತ್ತರ. ಹಗಲಲ್ಲಿ ಗೂಟದ ಮೇಲೆ ತಲೆ ಆಡಿಸೋ ಓತಿಕ್ಯಾತ, ಪೊದೆಯೊಳಗೆ ಗೋಸುಂಬೆ, ತರಗೆಲೆಯಡಿ ಹಾವುರಾಣಿ, ಹುತ್ತದ ಬಿಲದಲ್ಲಿ ಉಡ. ಕತ್ತಲಾದರೆ ಪಂಪ್‌ಸೆಟ್ ಮನೆಯ ಗೋಡೆಗೆ ಹಲ್ಲಿಯ ಪಾಳಿ. ನೋಡೋಕೆ ಒಟ್ಟು ಕುಟುಂಬ. ನಿಜವಾಗಿ ಒಂದು ಇನ್ನೊಂದರ ದಾರಿಗೆ ಬರದ ಹಾಗೆ ಹೊತ್ತನ್ನೂ ಜಾಗವನ್ನೂ ಹಂಚಿಕೊಂಡಿವೆ. ದಾರಿಗೆ ಬಂದ ದಿನ ಉಡ ಚಿಕ್ಕದನ್ನು ನುಂಗುತ್ತೆ, ಅಷ್ಟೇ.

ಈ ಹಂಚಿಕೆಯನ್ನ ಗೋಡೆಗಳೊಳಗೆ ತರೋಕೆ ಮನುಷ್ಯರಿಗೆ ಬಹಳ ಕಾಲ ಹಿಡಿಯಿತು. ಜಗತ್ತಿನ ಮೊದಲ ಸರೀಸೃಪ ಮನೆ ಲಂಡನ್ ಮೃಗಾಲಯದಲ್ಲಿ ತೆರೆದದ್ದು 1849ರಲ್ಲಿ. ನಮ್ಮ ಚಾಮರಾಜೇಂದ್ರ ಒಡೆಯರ್ ಮೈಸೂರಿನಲ್ಲಿ ಮೃಗಾಲಯ ಶುರು ಮಾಡಿದ್ದು 1892ರಲ್ಲಿ. ಲಂಡನ್ನಿನಲ್ಲಿ ಜೋನ್ ಪ್ರಾಕ್ಟರ್ ಎಂಬ ಮಹಿಳೆ ಯೋಜಿಸಿದ ಹೊಸ ಸರೀಸೃಪ ಮನೆ 1927ರಲ್ಲಿ ತೆರೆಯಿತು. ಕಟ್ಟಡಕ್ಕೆಲ್ಲ ಒಂದೇ ಹವೆ ಸಾಕು ಅನ್ನೋದನ್ನ ಆಕೆ ಒಪ್ಪಲಿಲ್ಲ. ಬೇರೆ ಬೇರೆ ಗೂಡಿಗೆ ಬೇರೆ ಬೇರೆ ಶಾಖ, ಅದೂ ವಿದ್ಯುತ್ತಿನಿಂದ. ಬಿಸಿಲಿನ ನೇರಳಾತೀತ ಕಿರಣ ಒಳಗೆ ಬರಲೆಂದು ವಿಶೇಷ ಗಾಜು. ನಮ್ಮ ಉಡದ ದೊಡ್ಡ ದಾಯಾದಿ ಕೊಮೊಡೊ ಡ್ರ್ಯಾಗನ್ ಕೂಡ ಆಕೆಯ ಆರೈಕೆಯಲ್ಲೇ ಇತ್ತು. ಕಾಯಿಲೆಯಲ್ಲೇ ದುಡಿದ ಪ್ರಾಕ್ಟರ್ 1931ರಲ್ಲಿ, 34ನೇ ವಯಸ್ಸಿಗೆ ತೀರಿಕೊಂಡರು.

ಅದೇ 1931ರಲ್ಲಿ ಗುಂಡ್ಲುಪೇಟೆ ಪಕ್ಕ ಇನ್ನೊಂದು ದಾರಿ ತೆರೆಯಿತು. ಮೈಸೂರು ಮಹಾರಾಜರು 90 ಚದರ ಕಿಲೋಮೀಟರ್ ಕಾಡನ್ನು ವೇಣುಗೋಪಾಲ ವನ್ಯಜೀವಿ ಉದ್ಯಾನ ಮಾಡಿದರು. ಹೆಸರು ಬಂದಿದ್ದು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರಿಂದ. 1941ರಲ್ಲಿ ಅದು ಸುಮಾರು 800 ಚದರ ಕಿಲೋಮೀಟರಿಗೆ ಹಿಗ್ಗಿತು, 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಪ್ರಾಕ್ಟರ್ ಒಂದೊಂದು ಜೀವಿಗೂ ಅದರದೇ ಹವೆ ಕೊಟ್ಟರು. ಬಂಡೀಪುರ ಎಲ್ಲಕ್ಕೂ ಸಾಕಾಗುವಷ್ಟು ಜಾಗ ಕೊಟ್ಟಿತು. ನಮ್ಮ ಮೂರಡಿ ಟ್ಯಾಂಕು ಇವೆರಡನ್ನೂ ಕೊಡೋಲ್ಲ.

ಯಾಕೆ ಅಂತ ನೋಡಿ. ಇಗುವಾನಾ ಅಮೆರಿಕದ ಉಷ್ಣವಲಯದ ತೇವದ ಕಾಡಿನದು, ಸೊಪ್ಪು ತಿನ್ನುತ್ತೆ. ಬಿಯರ್ಡೆಡ್ ಡ್ರ್ಯಾಗನ್ ಆಸ್ಟ್ರೇಲಿಯಾದ ಒಣ ನೆಲದ್ದು, ಮೈ ಕಾಯಿಸೋಕೆ 40 ಡಿಗ್ರಿ ಹತ್ತಿರದ ಬಿಸಿ ಬೇಕು. ಲೆಪರ್ಡ್ ಗೆಕ್ಕೊ ಹಗಲು ಅವಿತಿದ್ದು ಸಂಜೆ ಮೇಲೆ ಹುಳ ಹಿಡಿಯೋದು. ಒಬ್ಬರಿಗೆ ಸರಿಯಾದ ತೇವ ಇನ್ನೊಬ್ಬರಿಗೆ ಚರ್ಮರೋಗ. ಒಂದರ ಹೊಟ್ಟೆಯಲ್ಲಿ ಸುಮ್ಮನಿರೋ ಪರೋಪಜೀವಿ ಮತ್ತೊಂದನ್ನ ಕೊಲ್ಲಬಹುದು. ಕಚ್ಚಾಟ ಕಾಣಲಿಲ್ಲ ಅಂದ್ರೆ ಸ್ನೇಹ ಅಂತಲ್ಲ. ಹೆದರಿದ ಹಲ್ಲಿ ಕೂಗೋಲ್ಲ, ಮೇವು ಬಿಟ್ಟು ಮೂಲೆ ಸೇರುತ್ತೆ. ನಾವು ಅದನ್ನೇ 'ಸಾಧು' ಅಂತೀವಿ.

ಹಾಗಾದ್ರೆ ಊರಿನ ಬೇಲಿಯದನ್ನೇ ತಂದು ಸಾಕಬಹುದಾ? ಖಂಡಿತ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಉಡ, ಗೋಸುಂಬೆ ಹಿಡಿಯೋದೇ ಅಪರಾಧ. ವಿದೇಶಿ ತಳಿಗಳಿಗೂ ಈಗ ಲೆಕ್ಕ ಇದೆ: 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, 2024ರ ನಿಯಮಗಳ ಪ್ರಕಾರ ಇಗುವಾನಾದಂಥವನ್ನು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಒಂದು ಟ್ಯಾಂಕಿಗೆ ಒಂದೇ ಜಾತಿ. ಎರಡನೆಯದಕ್ಕೆ ಜಾಗ ಇಲ್ಲದಿದ್ರೆ ಎರಡನೆಯದು ಬೇಡ. ಹಲವು ಜಾತಿ ಒಟ್ಟಿಗೆ ನೋಡೋ ಆಸೆ ಇದ್ರೆ ವೀಕೆಂಡಿಗೆ ಗುಂಡ್ಲುಪೇಟೆ ಬಸ್ಸು ಹತ್ತಿ, ಯಾವುದಾದ್ರೂ ಬೇಲಿ ಪಕ್ಕ ಅರ್ಧ ಗಂಟೆ ಅಲ್ಲಾಡದೆ ನಿಂತ್ಕೊಳ್ಳಿ.